ಫ್ಲಾಪಿ ಡ್ರೈವ್ ಕೆಟ್ಟರೆ ಅಗ್ಗದಲ್ಲಿ ಇನ್ನೊಂದನ್ನು ಹೊಂದಿಸುವುದು ಹೇಗೆ?

ಪೆಂಟಿಯಂ ಕಾಲದ ಪಿಸಿ, ಅದಕ್ಕೂ ಹಿಂದಿನ 486, ಇವು ಇನ್ನೂ ದುಡಿಯುತ್ತಿರುವ ಜಾಗಗಳಿವೆ. ವರ್ಕ್‌ಶಾಪಿನ ಮೂಲೆಯಲ್ಲಿ ಮಿಲ್ಲಿಂಗ್ ಯಂತ್ರಕ್ಕೆ ಪ್ರೋಗ್ರಾಂ ಉಣಿಸುತ್ತ, ಕಸೂತಿ ಯಂತ್ರದ ಪಕ್ಕದಲ್ಲಿ ಡಿಸೈನ್ ಇಟ್ಟುಕೊಂಡು, ಕಾಲೇಜಿನ ಲ್ಯಾಬಿನಲ್ಲಿ ಯಾವುದೋ ಅಳತೆ ಉಪಕರಣಕ್ಕೆ ಜೋಡಿಯಾಗಿ ಕೂತಿರುತ್ತವೆ. ಫ್ಲಾಪಿ ಓದುವುದು ನಿಂತ ದಿನ ಇಡೀ ಕೆಲಸ ನಿಲ್ಲುತ್ತದೆ. ಆ ಗಾಬರಿಯಲ್ಲಿ ಜನ ಇಂಟರ್ನೆಟ್ಟಿನಲ್ಲಿ ಕಂಡ ಮೊದಲ ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸುತ್ತಾರೆ, ಅದು ಆ ಯಂತ್ರಕ್ಕೆ ಹೊಂದುವುದಿಲ್ಲ, ದುಡ್ಡು ಹೋಯಿತು. ಇಲ್ಲಿ ಬರೆದಿರುವುದು 3.5 ಇಂಚಿನ, 1.44 ಎಂಬಿ, 34 ಪಿನ್ನಿನ ಮಾಮೂಲು ಡ್ರೈವ್ ಬಗ್ಗೆ. ಅದನ್ನು ಕಡಿಮೆ ಖರ್ಚಿನಲ್ಲಿ ಹೊಂದಿಸಿಕೊಳ್ಳಲು ಬ್ರ್ಯಾಂಡ್ ತಿಳಿದಿದ್ದರೆ ಸಾಲದು, ಕೇಬಲ್ಲಿನಲ್ಲಿ ಏನು ಹರಿಯುತ್ತದೆ ಎಂಬುದು ತಿಳಿದಿರಬೇಕು.

ಕೊಳ್ಳುವ ಮೊದಲು: ಡ್ರೈವ್ ನಿಜಕ್ಕೂ ಕೆಟ್ಟಿದೆಯೇ?

ಕೆಟ್ಟಿದೆ ಎಂದು ಬದಿಗಿಟ್ಟ ಡ್ರೈವ್‌ಗಳಲ್ಲಿ ಬಹಳಷ್ಟಕ್ಕೆ ಬೇಕಾಗಿರುವುದು ಶುಚಿ ಮಾತ್ರ. ಆದ್ದರಿಂದ ಅರ್ಧ ಗಂಟೆ ಪರೀಕ್ಷೆಗೆ ಕೊಡಿ.

ಮೊದಲು ಬಯಾಸ್, ಅಂದರೆ ಪಿಸಿ ಆನ್ ಆದೊಡನೆ ತೆರೆಯಬಹುದಾದ ಸೆಟ್ಟಿಂಗ್ ಪುಟ, ನೋಡಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರೆ ಸೆಟ್ಟಿಂಗ್ ಅಳಿಸಿಹೋಗಿ, ಡ್ರೈವ್ ಎ ಎದುರು ಏನೂ ಇಲ್ಲ ಎಂದೋ, 5.25 ಇಂಚು ಎಂದೋ ಕೂತಿರುತ್ತದೆ. ಎಷ್ಟೋ ಬೋರ್ಡ್‌ಗಳಲ್ಲಿ ಅದು ನಾಣ್ಯದಾಕಾರದ ಸಿಆರ್2032. ಅದನ್ನು ಬದಲಿಸಿ, 1.44 ಎಂಬಿ ಎಂದು ಆರಿಸಿ, ಉಳಿಸಿ ಹೊರಬಂದರೆ ಕೆಲವರ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಫ್ಲಾಪಿ 3 ಮೋಡ್ ಎಂಬ ಆಯ್ಕೆ ಕಂಡರೆ ಅದು ಜಪಾನಿನ 1.2 ಎಂಬಿ ಡಿಸ್ಕ್‌ಗಳಿಗೆ ಸಂಬಂಧಿಸಿದ್ದು, ಆಫ್ ಇರಲಿ.

ಆಮೇಲೆ ಕಿವಿಗೊಡಿ. ಪಿಸಿ ಆನ್ ಮಾಡಿದಾಗ ಡಿಸ್ಕ್ ಓದಿ ಬರೆಯುವ ಹೆಡ್ಡು ಸೊನ್ನೆಯ ಟ್ರ್ಯಾಕಿಗೆ (ಡಿಸ್ಕಿನ ಹೊರ ಅಂಚಿನ ವೃತ್ತಕ್ಕೆ) ಹೋಗಿ ಬರುವ ಗರ್ ಎಂಬ ಸದ್ದು ಕೇಳಿಸಿದರೆ ಹೆಡ್ಡನ್ನು ಸರಿಸುವ ಸ್ಟೆಪ್ಪರ್ ಮೋಟಾರು, ವಿದ್ಯುತ್ತು, ಕೇಬಲ್ ಮೂರೂ ಬಹುಮಟ್ಟಿಗೆ ಸರಿಯಿವೆ. ಕೆಲವು ಬಯಾಸ್‌ಗಳಲ್ಲಿ ಬೂಟ್ ವೇಳೆಯ ಈ ಹೆಡ್ಡಿನ ಓಡಾಟ (ಫ್ಲಾಪಿ ಸೀಕ್) ಆಫ್ ಆಗಿರುತ್ತದೆ, ಪರೀಕ್ಷೆಗಾಗಿ ಆನ್ ಮಾಡಿಕೊಳ್ಳಿ.

ಡ್ರೈವ್ ದೀಪ ಆನ್ ಮಾಡಿದ ಕ್ಷಣದಿಂದ ಆರದೆ ಉರಿಯುತ್ತಿದ್ದರೆ ಕೇಬಲ್ ತಿರುಗುಮುರುಗಾಗಿದೆ. ಆಗ ಯಾವ ಫ್ಲಾಪಿಯನ್ನೂ ಒಳಗೆ ಹಾಕಬೇಡಿ. ಕಾರಣ ಹೀಗಿದೆ. 34 ಪಿನ್‌ಗಳಲ್ಲಿ ಬೆಸ ಸಂಖ್ಯೆಯವು ಹೆಚ್ಚುಕಡಿಮೆ ಎಲ್ಲವೂ ಗ್ರೌಂಡ್, ಸಮ ಸಂಖ್ಯೆಯವು ಸಿಗ್ನಲ್. ಸಿಗ್ನಲ್ ಸೊನ್ನೆ ವೋಲ್ಟಿಗೆ ಇಳಿದಾಗ ಆ ಆಜ್ಞೆ ಜಾರಿ ಎಂದರ್ಥ. ಕೇಬಲ್ ತಿರುಗಿ ಕೂತರೆ 1ನೇ ಪಿನ್ 34ಕ್ಕೂ, 2ನೆಯದು 33ಕ್ಕೂ ಸೇರಿ, ಡ್ರೈವಿನ ಎಲ್ಲ ಸಿಗ್ನಲ್ ಪಿನ್‌ಗಳು ಗ್ರೌಂಡಿಗೆ ತಗಲುತ್ತವೆ. ಅಂದರೆ ಡ್ರೈವಿಗೆ ಒಂದೇ ಸಲಕ್ಕೆ ಎಲ್ಲ ಆಜ್ಞೆಗಳೂ ಬಂದಂತೆ: ಆಯ್ಕೆಯಾಗು, ಮೋಟಾರು ತಿರುಗಿಸು, ಬರೆ. ಒಳಗೆ ಫ್ಲಾಪಿ ಇದ್ದರೆ ಹೆಡ್ಡಿನ ಕೆಳಗಿರುವ ಟ್ರ್ಯಾಕು ಅಳಿಸಿಹೋಗುತ್ತದೆ, ಹೆಡ್ಡು ಸೊನ್ನೆಯ ಟ್ರ್ಯಾಕಿನಲ್ಲಿದ್ದರೆ ಡೈರೆಕ್ಟರಿಯೇ ಹೋಯಿತು. ಒಂದೇ ಇದ್ದ ಮೂಲ ಫ್ಲಾಪಿಯನ್ನು ಹೀಗೆ ಕಳೆದುಕೊಳ್ಳುವುದು ತುಂಬ ಸಂಕಟದ ವಿಷಯ, ತಪ್ಪಿಸಲು ಬೇಕಾದದ್ದು ದೀಪದ ಕಡೆ ಒಂದು ನೋಟ.

ಸದ್ದೂ ಸರಿ, ದೀಪವೂ ಸರಿ, ಆದರೂ ಓದುತ್ತಿಲ್ಲ ಎಂದಾದರೆ ಬೇರೆ ಪಿಸಿಯಲ್ಲಿ ಸರಿಯಾಗಿ ಓದುವ ಎರಡು ಮೂರು ಫ್ಲಾಪಿ ಹಾಕಿ ನೋಡಿ. ಒಂದೇ ಫ್ಲಾಪಿಯ ಮೇಲೆ ತೀರ್ಪು ಕೊಡಬಾರದು. ಕರಾವಳಿ ಮಲೆನಾಡಿನ ಮಳೆಗಾಲ ಕಂಡ ಫ್ಲಾಪಿಗಳಲ್ಲಿ ಬೂಷ್ಟು ಹಿಡಿದಿರುವುದು ಸಾಮಾನ್ಯ. ಫ್ಲಾಪಿಯ ಜಾರುವ ಮುಚ್ಚಳ, ಅಂದರೆ ಶಟರ್ ಸರಿಸಿ, ಹಿಂಬದಿಯ ಲೋಹದ ಬಿಲ್ಲೆಯನ್ನು ಬೆರಳಲ್ಲಿ ನಿಧಾನ ತಿರುಗಿಸುತ್ತ ಬೆಳಕಿಗೆ ಹಿಡಿದರೆ ಕಂದು ಪದರದ ಮೇಲೆ ಬಿಳಿ ಚುಕ್ಕೆಗಳು, ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಅಂಥದ್ದನ್ನು ಡ್ರೈವಿಗೆ ಹಾಕಿದರೆ ಆ ಕೊಳೆ ಹೆಡ್ಡಿಗೆ ಮೆತ್ತಿ, ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಹಾಗೆ ಒಂದು ಫ್ಲಾಪಿ ಒಂದು ಡ್ರೈವನ್ನು, ಆ ಡ್ರೈವ್ ಹತ್ತು ಫ್ಲಾಪಿಯನ್ನು ಕೆಡಿಸುತ್ತದೆ.

ಇನ್ನೊಂದು ಸೂಕ್ಷ್ಮ. ಫೈಲುಗಳ ಪಟ್ಟಿ ಕೇಳುವ ಡಾಸ್ ಆಜ್ಞೆ ಡಿಐಆರ್ ಕೊಟ್ಟರೆ ಪಟ್ಟಿ ಬರುತ್ತದೆ, ಕಾಪಿ ಮಾಡಲು ಹೋದರೆ ಸೆಕ್ಟರ್ ಸಿಗಲಿಲ್ಲ ಎನ್ನುತ್ತದೆ ಎಂದು ಹಲವರು ಹೇಳುತ್ತಾರೆ. 1.44 ಎಂಬಿ ಫ್ಲಾಪಿಯಲ್ಲಿ ಪ್ರತಿ ಟ್ರ್ಯಾಕಿಗೆ 18 ಸೆಕ್ಟರ್ (ತುಂಡು), ಎರಡು ಬದಿ ಸೇರಿ 36. ಬೂಟ್ ಸೆಕ್ಟರ್ 1, ಯಾವ ಫೈಲು ಎಲ್ಲಿದೆ ಎಂಬ ಕೋಷ್ಟಕವಾದ ಫ್ಯಾಟ್‌ನ ಎರಡು ಪ್ರತಿಗಳಿಗೆ 18, ರೂಟ್ ಡೈರೆಕ್ಟರಿಗೆ 14, ಒಟ್ಟು 33. ಅಂದರೆ ಪಟ್ಟಿಗೆ ಬೇಕಾದುದೆಲ್ಲ ಹೊರ ಅಂಚಿನ ಮೊದಲ ಟ್ರ್ಯಾಕಿನ ಎರಡು ಬದಿಗಳಲ್ಲೇ ಮುಗಿಯುತ್ತದೆ. ಪಟ್ಟಿ ಬಂದರೆ ಆ ಒಂದು ಜಾಗ ಓದುತ್ತಿದೆ ಎಂದಷ್ಟೇ ತಿಳಿಯಿರಿ. ಉಳಿದ 79 ಟ್ರ್ಯಾಕುಗಳ ಕಡೆ ಹೆಡ್ಡು ಸಾಗುತ್ತಿಲ್ಲವಾದರೆ ಮೊದಲು ಅನುಮಾನಿಸಬೇಕಾದದ್ದು ಗಟ್ಟಿಯಾದ ಗ್ರೀಸು.

ಶುಚಿ ಮಾಡುವುದು ಹೀಗೆ. ಮೇಲಿನ ತಗಡಿನ ಮುಚ್ಚಳ ಒಂದೆರಡು ಸಣ್ಣ ಸ್ಕ್ರೂಗಳಲ್ಲಿ, ಇಲ್ಲವೆ ಬರಿ ಕ್ಲಿಪ್ಪಿನಲ್ಲಿ ನಿಂತಿರುತ್ತದೆ. ಒಳಗೆ ಎದುರುಬದುರು ಎರಡು ಹೆಡ್ಡುಗಳು. ಮೇಲಿನದು ಕಾಗದದಷ್ಟು ತೆಳುವಾದ ತಗಡಿನ ಎಲೆಯ ಮೇಲೆ ಕೂತಿರುತ್ತದೆ. ಅದನ್ನು ಬೆರಳಿಂದ ಎತ್ತಿ ಹಿಂದಕ್ಕೆ ಬಾಗಿಸಿದರೆ ಆ ಎಲೆ ಸೊಟ್ಟಗಾಗಿ ಮೇಲ್ಬದಿ ಮತ್ತೆಂದೂ ಓದುವುದಿಲ್ಲ. ಕಡ್ಡಿ ತೂರುವಷ್ಟು, ಮೂರು ನಾಲ್ಕು ಮಿಲಿಮೀಟರ್ ಸಾಕು. ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಅಂಟಾಗಿ ಉಳಿಯುತ್ತದೆ. ಇಯರ್‌ಬಡ್ ಅದ್ದಿ, ಹಿಂಡಿ, ಹೆಡ್ಡಿನ ಹೊಳೆಯುವ ಮುಖದ ಮೇಲೆ ಹಗುರವಾಗಿ ಉಜ್ಜಿ. ಕಂದು ಬಣ್ಣ ಬರುವುದು ನಿಲ್ಲುವವರೆಗೆ ಬಡ್ ಬದಲಿಸುತ್ತಿರಿ, ಹತ್ತಿಯ ಎಳೆ ಒಳಗೆ ಉಳಿಯದಂತೆ ನೋಡಿಕೊಳ್ಳಿ. ಆಮೇಲೆ ಹೆಡ್ಡನ್ನು ಒಯ್ಯುವ ತಿರುಪಿನ ಸಲಾಕೆ ಮತ್ತು ಪಕ್ಕದ ನಯವಾದ ಸರಳು: ಹಳೆಯ ಗ್ರೀಸು ಒರೆಸಿ ತೆಗೆದು, ಬಿಳಿ ಲಿಥಿಯಂ ಗ್ರೀಸನ್ನು ಬೆಂಕಿಕಡ್ಡಿ ತುದಿಯಷ್ಟು ಮಾತ್ರ ಸವರಿ. ಡಿಸ್ಕ್ ಎದ್ದು ಕೂರುವ ಎಜೆಕ್ಟ್ ಚೌಕಟ್ಟಿನ ಅಂಚುಗಳಿಗೂ ಅಷ್ಟೇ. ತುಕ್ಕು ಬಿಡಿಸುವ ಸ್ಪ್ರೇಯನ್ನು ಇಲ್ಲಿ ಹೊಡೆಯಬಾರದು, ಅದು ಹರಿದು ಹೆಡ್ಡಿಗೂ ಸೆನ್ಸಾರಿಗೂ ಹೋಗುತ್ತದೆ.

ಸ್ಟೆಪ್ಪರ್ ಮೋಟಾರನ್ನು ಹಿಡಿದಿರುವ ಸ್ಕ್ರೂಗಳನ್ನು ಮುಟ್ಟಲೇಬೇಡಿ. ಹೆಡ್ಡು ಟ್ರ್ಯಾಕಿನ ಮೇಲೆ ಸರಿಯಾಗಿ ನಿಲ್ಲುವಂತೆ ಕಾರ್ಖಾನೆಯಲ್ಲಿ ಹೊಂದಿಸಿದ್ದು ಅಲ್ಲೇ. ಒಂದಿಂಚಿನಲ್ಲಿ 135 ಟ್ರ್ಯಾಕುಗಳು ಕೂರುತ್ತವೆ, ಅಂದರೆ ಟ್ರ್ಯಾಕಿನಿಂದ ಟ್ರ್ಯಾಕಿಗೆ 0.19 ಮಿಲಿಮೀಟರ್ ಕೂಡ ಇಲ್ಲ. ಕಣ್ಣಂದಾಜಿನಲ್ಲಿ ಅದನ್ನು ಮತ್ತೆ ಕೂರಿಸಲು ಆಗುವುದಿಲ್ಲ.

ಡ್ರೈವ್ ತಾನೇ ಫಾರ್ಮ್ಯಾಟ್ ಮಾಡಿದ ಫ್ಲಾಪಿಯನ್ನು ಚೆನ್ನಾಗಿ ಓದುತ್ತದೆ, ಬೇರೆ ಪಿಸಿಯದನ್ನು ಓದುವುದಿಲ್ಲ ಎಂದಾದರೆ ಆ ಹೊಂದಿಕೆಯೇ ತಪ್ಪಿದೆ. ಇದಕ್ಕೆ ಬದಲಿ ಡ್ರೈವೇ ಗತಿ. ಆದರೆ ಹಳೆಯದನ್ನು ತಕ್ಷಣ ಎಸೆಯಬೇಡಿ. ವರ್ಷಗಟ್ಟಲೆ ಅದರಲ್ಲೇ ಬರೆದ ಫ್ಲಾಪಿಗಳಿದ್ದರೆ ಅವನ್ನು ಓದಬಲ್ಲದ್ದು ಆ ಸೊಟ್ಟ ಡ್ರೈವ್ ಒಂದೇ. ಅದನ್ನು ಬಿಚ್ಚುವ ಮೊದಲು ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ.

ಯಾವ ಡ್ರೈವ್ ಹೊಂದುತ್ತದೆ

ನಿಮ್ಮದು ಮಾಮೂಲು ಪಿಸಿ ಆಗಿದ್ದರೆ ಕೆಲಸ ಸುಲಭ. 1990ರ ದಶಕದ ನಡುವಿನಿಂದ ಮುಂದೆ ಬಂದ ಯಾವುದೇ 1.44 ಎಂಬಿ ಡ್ರೈವ್ ನಡೆಯುತ್ತದೆ. ಸೋನಿ ಎಂಪಿಎಫ್920, ಮಿತ್ಸುಮಿ ಡಿ353ಎಂ3, ಸ್ಯಾಮ್‌ಸಂಗ್ ಎಸ್‌ಎಫ್‌ಡಿ-321ಬಿ, ಪ್ಯಾನಾಸಾನಿಕ್ ಜೆಯು-257, ಎನ್‌ಇಸಿ ಎಫ್‌ಡಿ1231ಎಚ್, ಟಿಯಾಕ್ ಎಫ್‌ಡಿ-235ಎಚ್‌ಎಫ್ ಇವೆಲ್ಲ ಹೆಚ್ಚಾಗಿ ಕೈಗೆ ಸಿಗುವಂಥವು. ಎರಡು ಒಂದೇ ಬೆಲೆಗೆ ಎದುರಿಗಿದ್ದರೆ ನನ್ನ ಆಯ್ಕೆ ಟಿಯಾಕ್ ಇಲ್ಲವೆ ಪ್ಯಾನಾಸಾನಿಕ್, ಅವುಗಳ ಯಂತ್ರಭಾಗ ಗಟ್ಟಿ. 1990ರ ಆಸುಪಾಸಿನ ತೀರ ಹಳೆಯ ಡ್ರೈವ್‌ಗಳನ್ನು ಬಿಡುವುದು ಒಳ್ಳೆಯದು. ಅವುಗಳ ಬೋರ್ಡಿನಲ್ಲಿರುವ ಸಣ್ಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಸೋರಿ ತಾಮ್ರದ ಗೆರೆಗಳನ್ನು ತಿಂದಿರುತ್ತವೆ. ಬೆಲ್ಟಿನಿಂದ ತಿರುಗುವ ಮಾದರಿಗಳಾದರೆ ಬೆಲ್ಟು ಸಡಿಲಾಗಿ, ಇಲ್ಲವೆ ಕರಗಿ ಟಾರಿನಂತಾಗಿರುತ್ತದೆ. ಡಿಸ್ಕು ನಿಮಿಷಕ್ಕೆ 300 ಸುತ್ತು ತಿರುಗಲೇಬೇಕು, ಬೆಲ್ಟು ಜಾರಿದರೆ ಏನೂ ಓದದು.

ಪಿಸಿ ಅಲ್ಲದ ಯಂತ್ರಕ್ಕೆ ಬೇಕಾದರೆ ಸ್ವಲ್ಪ ನಿಲ್ಲಿ. ಅಮಿಗಾ, ಅಟಾರಿ ಎಸ್‌ಟಿ ಎಂಬ ಹಳೆಯ ಮನೆ ಕಂಪ್ಯೂಟರ್‌ಗಳು, ಹಲವು ಸಂಗೀತದ ಕೀಬೋರ್ಡ್‌ಗಳು, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರ) ಮತ್ತು ಕಸೂತಿ ಯಂತ್ರಗಳು ಕೂಡ ಅದೇ 34 ಪಿನ್ ಕನೆಕ್ಟರ್ ಬಳಸುತ್ತವೆ, ಕೇಬಲ್ ಸಲೀಸಾಗಿ ಕೂರುತ್ತದೆ, ಆದರೂ ಡ್ರೈವ್ ಮಿಸುಕಾಡದೆ ಇರಬಹುದು. ವ್ಯತ್ಯಾಸ ಎರಡು ಕಡೆ ಇದೆ.

ಒಂದು, ಡ್ರೈವ್ ಆಯ್ಕೆಯ ಗೆರೆ. ಶುಗಾರ್ಟ್ ಎಂಬ ಡ್ರೈವ್ ಕಂಪನಿಯಿಂದ ಬಂದ ಹಳೆಯ ಪದ್ಧತಿಯಲ್ಲಿ 10ನೇ ಪಿನ್ ಮೊದಲ ಡ್ರೈವಿಗೆ, 12 ಎರಡನೆಯದಕ್ಕೆ, 14 ಮೂರನೆಯದಕ್ಕೆ, 16 ಎಲ್ಲರಿಗೂ ಸೇರಿದ ಮೋಟಾರಿಗೆ. ಡ್ರೈವಿನ ಮೇಲೆ ಡಿಎಸ್0, ಡಿಎಸ್1 ಎಂಬಲ್ಲಿ ಜಂಪರ್ (ಎರಡು ಪಿನ್ ಸೇರಿಸುವ ಪುಟ್ಟ ಟೋಪಿ) ಇಟ್ಟು ತಾನು ಎಷ್ಟನೆಯವನು ಎಂದು ಹೇಳಬೇಕಿತ್ತು. ಪಿಸಿಯಲ್ಲಿ ಈ ಜಂಪರ್ ಗೋಜೇ ಬೇಡವೆಂದು ಎಲ್ಲ ಡ್ರೈವ್‌ಗಳನ್ನೂ ಡಿಎಸ್1ಕ್ಕೆ ಇಟ್ಟು, ಕೇಬಲ್ಲಿನಲ್ಲೇ 10ರಿಂದ 16ರವರೆಗಿನ ಏಳು ತಂತಿಗಳನ್ನು ಸೀಳಿ ತಿರುಚಿದರು. ತಿರುಚಿನ ಆಚೆಯ ತುದಿಯಲ್ಲಿರುವ ಡ್ರೈವಿನ 12ನೇ ಪಿನ್ನಿಗೆ ಮದರ್‌ಬೋರ್ಡ್ ಕಡೆಯ ಕಂಟ್ರೋಲರಿನ 14, ಅಂದರೆ ಎ ಡ್ರೈವಿನ ಆಯ್ಕೆ ತಲುಪುತ್ತದೆ, 16ಕ್ಕೆ 10, ಅಂದರೆ ಎ ಡ್ರೈವಿನ ಮೋಟಾರು. ತಿರುಚಿನ ಈಚೆಗೆ ಸಿಕ್ಕಿಸಿದರೆ ಅದೇ ಡ್ರೈವ್ ಬಿ ಆಗುತ್ತದೆ. ಕೊನೆಕೊನೆಯ ವರ್ಷಗಳ ಪಿಸಿ ಡ್ರೈವ್‌ಗಳಲ್ಲಿ ಜಂಪರನ್ನೇ ತೆಗೆದು ಡಿಎಸ್1 ಎಂದು ಬೋರ್ಡಿನಲ್ಲೇ ಖಾಯಂ ಮಾಡಿದ್ದಾರೆ. ನೇರ ಕೇಬಲ್ ಇರುವ ಕಸೂತಿ ಯಂತ್ರ ಡಿಎಸ್0 ಎಂದು ಕೂಗಿದರೆ ಇದು ಓಗೊಡುವುದಿಲ್ಲ. ಪಿಸಿಯ ತಿರುಚಿದ ಕೇಬಲ್ ಹಾಕಿದರೂ ಇಲ್ಲಿ ಕೆಲಸವಾಗದು, ಏಕೆಂದರೆ ಆಗ ಡ್ರೈವಿನ 12ಕ್ಕೆ ಮೂರನೆಯ ಡ್ರೈವಿನ ಗೆರೆ ಬಂದು ಸೇರುತ್ತದೆ. ಬೇಕಾದದ್ದು 10 ಮತ್ತು 12ನೇ ತಂತಿಗಳನ್ನು ಮಾತ್ರ ಅದಲುಬದಲು ಮಾಡಿದ ಕೇಬಲ್, ಇಲ್ಲವೆ ಬೋರ್ಡಿನ ಮೇಲಿನ ಬೆಸುಗೆ ಚುಕ್ಕೆಯನ್ನು ಡಿಎಸ್0 ಕಡೆಗೆ ಸರಿಸುವುದು.

ಎರಡು, 34ನೇ ಪಿನ್. ಪಿಸಿಯಲ್ಲಿ ಇದು ಡಿಸ್ಕ್ ಬದಲಾಯಿತು ಎಂದು ತಿಳಿಸುತ್ತದೆ. ಶುಗಾರ್ಟ್ ಮಾದರಿಯ ಯಂತ್ರಗಳಲ್ಲಿ ಅದೇ ಪಿನ್ ಡಿಸ್ಕ್ ತಿರುಗುತ್ತಿದೆ, ಸಿದ್ಧ ಎಂದು ಹೇಳುತ್ತದೆ. ಅಮಿಗಾ ಸಿದ್ಧ ಎಂಬುದನ್ನು 34ರಲ್ಲಿ, ಡಿಸ್ಕ್ ಬದಲಾವಣೆಯನ್ನು 2ನೇ ಪಿನ್ನಿನಲ್ಲಿ ನಿರೀಕ್ಷಿಸುತ್ತದೆ. ಪಿಸಿ ಡ್ರೈವನ್ನು ಹಾಗೇ ಹಾಕಿದರೆ ಯಂತ್ರ ಡ್ರೈವ್ ಸಿದ್ಧವಿಲ್ಲ ಎನ್ನುತ್ತ ಕೂರುತ್ತದೆ. ಆದ್ದರಿಂದ ಇಂಥ ಯಂತ್ರಕ್ಕೆ ಹಳೆಯ ಡ್ರೈವಿನ ಲೇಬಲ್ ಮೇಲಿರುವ ಪೂರ್ತಿ ಮಾಡೆಲ್ ಸಂಖ್ಯೆಯನ್ನು, ಹೈಫನ್ ನಂತರದ ಅಂಕಿ ಅಕ್ಷರಗಳ ಸಮೇತ, ಬರೆದುಕೊಳ್ಳಿ. ಟಿಯಾಕ್ 235ಎಚ್‌ಎಫ್ ಎಂದು ಎರಡರ ಮೇಲೂ ಇದ್ದರೂ ಬಾಲದ ಅಂಕಿ ಬೇರೆಯಾದರೆ ಒಳಗಿನ ಜೋಡಣೆ ಬೇರೆ ಇರಬಹುದು. ಬಿಚ್ಚುವ ಮುಂಚೆ ಜಂಪರ್‌ಗಳ ಫೋಟೊ ತೆಗೆಯಿರಿ. ಜಂಪರ್ ಕಂಬಗಳು ಇರುವ ಹಳೆಯ ಡ್ರೈವ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಕೊಳ್ಳಬಹುದು, ಬೆಸುಗೆ ಕೆಲಸ ಉಳಿಯುತ್ತದೆ.

ಎಲ್ಲಿ ಹುಡುಕುವುದು, ಕೈಗೆ ತೆಗೆದುಕೊಂಡಾಗ ಏನು ನೋಡುವುದು

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಅಂದರೆ ಸಾದರ ಪತ್ರಪ್ಪ ರಸ್ತೆ, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡ್, ದೆಹಲಿಯಲ್ಲಿ ನೆಹರೂ ಪ್ಲೇಸ್. ಅಲ್ಲಿನ ಹೊಳೆಯುವ ಅಂಗಡಿಗಳಲ್ಲಿ ಫ್ಲಾಪಿ ಡ್ರೈವ್ ಕೇಳಿದರೆ ಇಲ್ಲ ಎಂಬ ಉತ್ತರ ಬರುವುದೇ ಹೆಚ್ಚು. ಕೇಳಬೇಕಾದದ್ದು ಹಳೆಯ ಸಾಮಾನು ಬಿಚ್ಚಿ ಮಾರುವವರನ್ನು, ಕೇಳುವ ಮಾತೂ ಬೇರೆ: ಹಳೆಯ ಪೆಂಟಿಯಂ 4 ಕ್ಯಾಬಿನೆಟ್ ಇದೆಯಾ? ಆಫೀಸು, ಶಾಲೆಗಳಿಂದ ಒಟ್ಟಾಗಿ ಹರಾಜಿಗೆ ಬಂದ ಆ ಕಾಲದ ಕ್ಯಾಬಿನೆಟ್‌ಗಳಲ್ಲಿ ಫ್ಲಾಪಿ ಡ್ರೈವ್ ಹೆಚ್ಚುಕಡಿಮೆ ಖಾಯಂ, ಅದರಲ್ಲೂ ಒಮ್ಮೆಯೂ ಬಳಸದೆ ಉಳಿದವು ಸಾಕಷ್ಟು. ಪೆನ್ ಡ್ರೈವ್ ಬಂದಾಗಿತ್ತು, ಫ್ಲಾಪಿಯ ಬಾಯಿಗೆ ಯಾರೂ ಏನೂ ಹಾಕಿರಲಿಲ್ಲ. ಊರಿನ ಗುಜರಿಯಲ್ಲಿ ಇಡೀ ಪಿಸಿಯನ್ನು ತೂಕದ ಲೆಕ್ಕದಲ್ಲಿ ಕೊಂಡರೂ ಬಿಡಿ ಡ್ರೈವಿಗೆ ಆನ್‌ಲೈನಿನಲ್ಲಿ ಕೇಳುವ ಬೆಲೆಗಿಂತ ಕಡಿಮೆ ಬೀಳಬಹುದು, ಜೊತೆಗೆ ಒಳ್ಳೆಯ ಕೇಬಲ್ಲು, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬಿ) ಸಿಗುತ್ತವೆ. ವಿದೇಶದಿಂದ ತರಿಸಿದರೆ ಡ್ರೈವಿನ ಬೆಲೆಗಿಂತ ಸಾಗಣೆ ಮತ್ತು ಕಸ್ಟಮ್ಸ್ ಹೆಚ್ಚಾಗುವುದು ಸಾಮಾನ್ಯ, ವಿಶೇಷ ಮಾದರಿಯೇ ಬೇಕಿದ್ದರೆ ಮಾತ್ರ ಆ ದಾರಿ.

ಮುಂಬದಿಯ ಪ್ಲಾಸ್ಟಿಕ್ ಪಟ್ಟಿ ಇಲ್ಲದ ಡ್ರೈವ್‌ಗಳು ಇನ್ನೂ ಅಗ್ಗಕ್ಕೆ ಹೋಗುತ್ತವೆ. ದೊಡ್ಡ ಕಂಪನಿಗಳ ಪಿಸಿಗಳಲ್ಲಿ ಕ್ಯಾಬಿನೆಟ್ಟಿನ ಮುಖವೇ ಪಟ್ಟಿಯ ಕೆಲಸ ಮಾಡುತ್ತಿದ್ದುದರಿಂದ ಡ್ರೈವಿಗೆ ಬೇರೆ ಪಟ್ಟಿ ಇರುತ್ತಿರಲಿಲ್ಲ. ಒಳಗಿನ ಯಂತ್ರ ಅದೇ. ನಿಮ್ಮ ಹಳೆಯ ಡ್ರೈವಿನ ಪಟ್ಟಿ ಹೊಸದಕ್ಕೆ ಕೂರುವುದು ಎರಡೂ ಒಂದೇ ಮಾಡೆಲ್ ಆಗಿದ್ದರೆ ಮಾತ್ರ, ಏಕೆಂದರೆ ಗುಂಡಿಯ ಜಾಗ ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ಮ್ಯಾಕ್‌ನ ಡ್ರೈವ್ ನೋಡಲು ಹೀಗೇ ಇದ್ದರೂ ಪಿಸಿಗೆ ಬರುವುದಿಲ್ಲ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಒಂದು ಟಾರ್ಚು, ಹೋದರೂ ಪರವಾಗಿಲ್ಲ ಎನ್ನುವಂಥ ಒಂದು ಫ್ಲಾಪಿ ಜೇಬಿನಲ್ಲಿರಲಿ. ಬಾಗಿಲು ಎತ್ತಿ ಒಳಗೆ ಬೆಳಕು ಬಿಡಿ: ಎರಡು ಹೆಡ್ಡುಗಳು ಒಂದಕ್ಕೊಂದು ಸಮಾಂತರವಾಗಿರಬೇಕು, ಮೇಲಿನದು ವಾಲಿದ್ದರೆ ಆ ಡ್ರೈವನ್ನು ಅಲ್ಲೇ ಇಡಿ. ಫ್ಲಾಪಿ ತಳ್ಳಿದಾಗ ಟಕ್ ಎಂದು ಕೆಳಗಿಳಿದು ಕೂರಬೇಕು, ಗುಂಡಿ ಒತ್ತಿದಾಗ ಶಟರ್ ಎಲ್ಲಿಗೂ ಸಿಕ್ಕಿಕೊಳ್ಳದೆ ಹೊರಬರಬೇಕು. ಅರ್ಧಕ್ಕೆ ನಿಂತರೆ ಗ್ರೀಸು ಗಟ್ಟಿಯಾಗಿದೆ ಅಷ್ಟೇ, ಬೆಲೆ ಇಳಿಸಿ ಕೇಳಬಹುದು. ಆದರೆ ಸಿಕ್ಕಿಕೊಂಡ ಫ್ಲಾಪಿಯನ್ನು ಎಳೆದರೆ ಶಟರ್ ಮೇಲಿನ ಹೆಡ್ಡನ್ನು ಕಿತ್ತುಕೊಂಡೇ ಬರುತ್ತದೆ. ಹೊರಬಂದ ಫ್ಲಾಪಿಯ ಮೇಲ್ಮೈಯಲ್ಲಿ ಹೊಸ ಉಂಗುರದಂಥ ಗೀರು ಬಿದ್ದಿದೆಯೇ ನೋಡಿ. ಬೋರ್ಡಿನ ಬದಿಯನ್ನು ಮೂಗಿನ ಹತ್ತಿರ ಹಿಡಿದಾಗ ಮೀನಿನಂಥ ವಾಸನೆ ಬಂದರೆ, ಇಲ್ಲವೆ ಕೆಪಾಸಿಟರ್ ಬುಡದಲ್ಲಿ ಹಸಿರು ಕಿಲುಬು ಕಂಡರೆ, ಸೋರಿಕೆ ಆಗಿದೆ.

ಯುಎಸ್‌ಬಿ ಡ್ರೈವ್, ಗೋಟೆಕ್: ಯಾರಿಗೆ, ಯಾವಾಗ

ಯುಎಸ್‌ಬಿ ಫ್ಲಾಪಿ ಡ್ರೈವ್ ಒಳ್ಳೆಯ ಸಾಧನವೇ, ಆದರೆ ಅದು ಇಂದಿನ ಲ್ಯಾಪ್‌ಟಾಪಿನಲ್ಲಿ ಪಿಸಿ ಫ್ಲಾಪಿ ಓದಲು. 34 ಪಿನ್ ಕೇಬಲ್ಲಿಗೆ ಅದು ಸೇರುವುದಿಲ್ಲ. 1.44 ಎಂಬಿ ಮತ್ತು 720 ಕೆಬಿಯ ಮಾಮೂಲು ಫಾರ್ಮ್ಯಾಟ್ ಬಿಟ್ಟರೆ ಹೆಚ್ಚಿನದೇನನ್ನೂ ಓದುವುದಿಲ್ಲ. ಅಮಿಗಾದ 880 ಕೆಬಿ ಡಿಸ್ಕ್, ಕಾಪಿ ತಡೆದ ಡಿಸ್ಕ್, ಸೆಕ್ಟರ್ ಲೆಕ್ಕ ಬೇರೆ ಇರುವ ಯಂತ್ರದ ಡಿಸ್ಕ್ ಇದಕ್ಕೆ ಖಾಲಿಯಂತೆ ಕಾಣುತ್ತವೆ. ಆಗ ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಬೇಡ ಎನ್ನಿ. ಕೆಟ್ಟುಹೋದ ಯುಎಸ್‌ಬಿ ಡ್ರೈವ್ ಬಿಚ್ಚಿದರೆ ಹಲವುಗಳಲ್ಲಿ ಲ್ಯಾಪ್‌ಟಾಪಿನ ತೆಳು ಡ್ರೈವ್, 26 ಎಳೆಯ ಪಟ್ಟಿ ಕೇಬಲ್ಲಿನೊಂದಿಗೆ ಇರುತ್ತದೆ. 26ರಿಂದ 34 ಪಿನ್ನಿಗೆ ಬದಲಿಸುವ ಸಣ್ಣ ಅಡಾಪ್ಟರ್ ಬೋರ್ಡ್ ಹಾಕಿದರೆ ಅದನ್ನೇ ಡೆಸ್ಕ್‌ಟಾಪಿಗೆ ಕೂರಿಸಬಹುದು. ಆ ಪಟ್ಟಿ ಕೇಬಲ್ ಒಮ್ಮೆ ಮಡಚಿದರೆ ಒಳಗೆ ತುಂಡಾಗುತ್ತದೆ, ಬೀಗದ ಚಿಲಕ ಎತ್ತಿಯೇ ಹೊರಗೆ ತೆಗೆಯಿರಿ.

ಹಳೆಯ ಫ್ಲಾಪಿಗಳನ್ನು ಓದುವ ಅಗತ್ಯವೇ ಇಲ್ಲ, ಯಂತ್ರಕ್ಕೆ ಫೈಲು ತಲುಪಿದರೆ ಸಾಕು ಎನ್ನುವವರಿಗೆ ಗೋಟೆಕ್ ಎಂಬ ಎಮ್ಯುಲೇಟರೇ, ಅಂದರೆ ಪೆನ್ ಡ್ರೈವಿನ ಫೈಲನ್ನು ಯಂತ್ರಕ್ಕೆ ಫ್ಲಾಪಿಯಂತೆ ತೋರಿಸುವ ಸಾಧನವೇ, ಸರಿ. ವರ್ಕ್‌ಶಾಪಿನ ಯಂತ್ರಗಳಿಗೆ ಇದನ್ನೇ ಹಾಕಿ ಎಂದು ಧೈರ್ಯವಾಗಿ ಹೇಳುತ್ತೇನೆ. ಸೋನಿ ಜಪಾನಿನಲ್ಲಿ ಫ್ಲಾಪಿ ಮಾರಾಟವನ್ನು 2011ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಈಗ ಕೊಳ್ಳುವ ಹೊಸ ಫ್ಲಾಪಿಯೂ ಹಳೆಯ ದಾಸ್ತಾನೇ. ಲೋಹದ ಧೂಳು, ಎಣ್ಣೆ ತುಂತುರು ಇರುವಲ್ಲಿ ಯಾವ ಡ್ರೈವೂ ಬಹುಕಾಲ ಬಾಳದು. ಗೋಟೆಕ್ ಆಕಾರದಲ್ಲಿ 3.5 ಇಂಚಿನ ಡ್ರೈವೇ, ಅದೇ ಕೇಬಲ್ಲು, ಅದೇ ವಿದ್ಯುತ್ ಪ್ಲಗ್ಗು. ಮುಂದೆ ಪೆನ್ ಡ್ರೈವ್ ಬಾಯಿ, ಎರಡು ಗುಂಡಿ, ಅಂಕಿ ತೋರಿಸುವ ಪುಟ್ಟ ಪರದೆ.

ಕೊಳ್ಳುವಾಗ 1.44 ಎಂಬಿ ಮಾದರಿಯೇ ಎಂದು ನೋಡಿ, ಎಸ್‌ಎಫ್‌ಆರ್1ಎಂ44-ಯು100 ಎಂಬುದು ಹೆಚ್ಚು ಕಾಣುವ ಹೆಸರು. 720 ಕೆಬಿಗೆಂದೇ ಬೇರೆ ಮಾದರಿ ಇದೆ. ಕಾರ್ಖಾನೆಯ ಸಾಫ್ಟ್‌ವೇರ್ ಪೆನ್ ಡ್ರೈವನ್ನು ಫ್ಲಾಪಿ ಗಾತ್ರದ ತುಂಡುಗಳಾಗಿ ಕತ್ತರಿಸಿ ಇಡುತ್ತದೆ, ಅದಕ್ಕೆ ಪ್ರತ್ಯೇಕ ಫಾರ್ಮ್ಯಾಟ್ ಪ್ರೋಗ್ರಾಂ ಬೇಕು. ಕೀರ್ ಫ್ರೇಸರ್ ಬರೆದ ಫ್ಲ್ಯಾಶ್‌ಫ್ಲಾಪಿ ಎಂಬ ಮುಕ್ತ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಹಾಕಿಕೊಂಡರೆ ಈ ರಗಳೆ ಇಲ್ಲ. ಮಾಮೂಲು ಫ್ಯಾಟ್32 ಪೆನ್ ಡ್ರೈವಿಗೆ ಫ್ಲಾಪಿ ಇಮೇಜ್ ಫೈಲುಗಳನ್ನು (ಇಡೀ ಫ್ಲಾಪಿಯ ತದ್ರೂಪು) ಕಾಪಿ ಮಾಡಿದರಾಯಿತು. ಒಂದೊಂದೂ ಸರಿಯಾಗಿ 14,74,560 ಬೈಟ್ ಇರಬೇಕು: 80 ಟ್ರ್ಯಾಕ್, 2 ಬದಿ, 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಮೊದಲ ಸಲ ಹಾಕುವಾಗ ಬೋರ್ಡಿನ ಬೂಟ್ ಪಿನ್‌ಗಳನ್ನು ಜಂಪರಿನಿಂದ ಸೇರಿಸಿ, ಎರಡೂ ತುದಿಯಲ್ಲಿ ಚಪ್ಪಟೆ ಪ್ಲಗ್ಗಿರುವ ಯುಎಸ್‌ಬಿ ಕೇಬಲ್ಲಿನಿಂದ ಪಿಸಿಗೆ ಜೋಡಿಸಬೇಕು. ಆ ಹೊತ್ತಿನಲ್ಲಿ ಫ್ಲಾಪಿಯ ವಿದ್ಯುತ್ ಪ್ಲಗ್ ಕಳಚಿರಲಿ, ಎರಡು ಕಡೆಯಿಂದ 5 ವೋಲ್ಟ್ ಕೊಡಬಾರದು. ಪಿಸಿಯ ಕೇಬಲ್ಲಿಗೆ ಎಸ್1 ಜಂಪರ್, ಡಿಎಸ್0 ಬೇಡುವ ಯಂತ್ರಕ್ಕೆ ಎಸ್0. ಪೆನ್ ಡ್ರೈವಿನಲ್ಲಿರುವ ಎಫ್‌ಎಫ್.ಸಿಎಫ್‌ಜಿ ಫೈಲಿನಲ್ಲಿ ಇಂಟರ್‌ಫೇಸ್ ಎಂಬಲ್ಲಿ ಐಬಿಎಂಪಿಸಿ ಎಂದೋ, ಶುಗಾರ್ಟ್ ಎಂದೋ, ಅಮಿಗಾ ಎಂದೋ ಬರೆದರೆ 34 ಮತ್ತು 2ನೇ ಪಿನ್‌ಗಳ ವ್ಯತ್ಯಾಸವನ್ನು ಅದೇ ನೋಡಿಕೊಳ್ಳುತ್ತದೆ. ಬೆಸುಗೆ ಹಾಕಿ ಸರಿಪಡಿಸಬೇಕಾದದ್ದು ಇಲ್ಲಿ ಒಂದು ಸಾಲು ಬರೆದರೆ ಮುಗಿಯಿತು.

720 ಕೆಬಿ ಮಾತ್ರ ಒಪ್ಪುವ ಯಂತ್ರಕ್ಕೆ 1.44ರ ಫ್ಲಾಪಿಯಲ್ಲಿ ಅದು 1.44 ಎಂದು ಗುರುತಿಸುವ ತೂತಿಗೆ ಟೇಪ್ ಅಂಟಿಸಿ ಬಳಸುವ ಉಪಾಯ ಎಲ್ಲೆಡೆ ಕೇಳಿಬರುತ್ತದೆ. ತಾತ್ಕಾಲಿಕಕ್ಕೆ ಆದೀತು. ಎರಡರ ಕಾಂತೀಯ ಲೇಪನ ಒಂದೇ ಅಲ್ಲ, ಇಂದು ಬರೆದದ್ದು ಮುಂದೊಂದು ದಿನ ಓದದೆ ಹೋಗಬಹುದು. ಆ ಯಂತ್ರಕ್ಕೂ ಗೋಟೆಕ್ಕೇ ಲೇಸು.

ಕೂರಿಸುವುದು, ಪರೀಕ್ಷಿಸುವುದು

ಹೊಸ ಡ್ರೈವನ್ನು ಸುಟ್ಟುಕೊಳ್ಳುವುದು ಇಲ್ಲೇ. ನಾಲ್ಕು ಪಿನ್ನಿನ ಸಣ್ಣ ವಿದ್ಯುತ್ ಪ್ಲಗ್ಗಿನಲ್ಲಿ ಕೆಂಪು 5 ವೋಲ್ಟ್, ನಡುವಿನ ಎರಡು ಕಪ್ಪು ಗ್ರೌಂಡ್, ಹಳದಿ 12 ವೋಲ್ಟ್. ಕೆಲವು ಡ್ರೈವ್‌ಗಳಲ್ಲಿ ಸಾಕೆಟ್ಟಿಗೆ ಮೇಲ್ಮುಚ್ಚಳವೇ ಇರುವುದಿಲ್ಲ, ಬರಿ ನಾಲ್ಕು ಕಡ್ಡಿಗಳು. ಕ್ಯಾಬಿನೆಟ್ಟಿನ ಕತ್ತಲಲ್ಲಿ ಕೈಯಾಡಿಸಿ ಸಿಕ್ಕಿಸುವಾಗ ಪ್ಲಗ್ ತಲೆಕೆಳಗಾದರೆ 5 ವೋಲ್ಟಿನ ಗೆರೆಗೆ 12 ಹೊಕ್ಕು ಚಿಪ್ ಸುಡುತ್ತದೆ. ಒಂದು ಪಿನ್ ಪಕ್ಕಕ್ಕೆ ಜಾರಿದರೂ ಅಪಾಯವೇ. ಡ್ರೈವನ್ನು ಕ್ಯಾಬಿನೆಟ್ಟಿಗೆ ತಳ್ಳುವ ಮೊದಲು ಬೆಳಕಿನಲ್ಲಿ ಪ್ಲಗ್ ಹಾಕಿ, ಕಡ್ಡಿಗಳನ್ನು ಎಣಿಸಿ. ರಿಬ್ಬನ್ ಕೇಬಲ್ಲಿನ ಕೆಂಪು ಅಂಚು 1ನೇ ಪಿನ್ ಕಡೆ. 3.5 ಇಂಚಿನ ಹೆಚ್ಚಿನ ಡ್ರೈವ್‌ಗಳಲ್ಲಿ ಅದು ವಿದ್ಯುತ್ ಸಾಕೆಟ್ಟಿನ ಪಕ್ಕಕ್ಕೆ ಬರುತ್ತದೆ, ಆದರೂ ಬೋರ್ಡಿನ ಮೇಲೆ 1 ಅಥವಾ 2 ಎಂದು ಮುದ್ರಿಸಿರುವುದನ್ನೇ ನಂಬಿ. ಪಕ್ಕದ ಸ್ಕ್ರೂಗಳನ್ನು ಉದ್ದದ್ದು ಹಾಕಿ ಬಿಗಿದರೆ ಒಳಗಿನ ಎಜೆಕ್ಟ್ ಚೌಕಟ್ಟಿಗೆ ತಾಗಿ ಫ್ಲಾಪಿ ಸಿಕ್ಕಿಕೊಳ್ಳುತ್ತದೆ. 3 ಮಿಲಿಮೀಟರ್ ವ್ಯಾಸದ ಗಿಡ್ಡ ಸ್ಕ್ರೂ ಸಾಕು.

ಪರೀಕ್ಷೆಗೆ ಖಾಲಿ ಫ್ಲಾಪಿಯೊಂದನ್ನು ಡಾಸ್‌ನಲ್ಲಿ ಫಾರ್ಮ್ಯಾಟ್ ಎ: /ಯು ಎಂದು ಪೂರ್ತಿ ಫಾರ್ಮ್ಯಾಟ್ ಮಾಡಿ, ತುಂಬುವಷ್ಟು ದೊಡ್ಡ ಫೈಲು ಕಾಪಿ ಮಾಡಿ, ಎಫ್‌ಸಿ /ಬಿ ಆಜ್ಞೆಯಿಂದ ಮೂಲದೊಂದಿಗೆ ಹೋಲಿಸಿ. ಆಮೇಲೆ ಅದೇ ಫ್ಲಾಪಿಯನ್ನು ಬೇರೊಂದು ಪಿಸಿಯಲ್ಲಿ ಓದಿಸಿ, ಅಲ್ಲಿ ಬರೆದದ್ದನ್ನು ಇಲ್ಲಿ ಓದಿಸಿ. ಈ ಎರಡನೆಯದನ್ನು ಬಿಟ್ಟರೆ ಹೆಡ್ ಹೊಂದಿಕೆ ತಪ್ಪಿರುವುದು ಗೊತ್ತೇ ಆಗುವುದಿಲ್ಲ. ಮುಂದಿನದು ಡಿಸ್ಕ್ ಬದಲಾವಣೆಯ ಪರೀಕ್ಷೆ: ಒಂದು ಫ್ಲಾಪಿ ಹಾಕಿ ಡಿಐಆರ್, ತೆಗೆದು ಇನ್ನೊಂದು ಹಾಕಿ ಮತ್ತೆ ಡಿಐಆರ್. ಎರಡನೇ ಸಲವೂ ಮೊದಲ ಫ್ಲಾಪಿಯ ಪಟ್ಟಿಯೇ ಬಂದರೆ 34ನೇ ಗೆರೆ ಕೆಲಸ ಮಾಡುತ್ತಿಲ್ಲ. ಇದು ಬಲು ಅಪಾಯದ ದೋಷ, ಏಕೆಂದರೆ ಪಿಸಿ ಎರಡನೇ ಫ್ಲಾಪಿಯ ಮೇಲೆ ಮೊದಲನೆಯದರ ಫ್ಯಾಟ್ ಬರೆದು ಅದರಲ್ಲಿದ್ದುದನ್ನೆಲ್ಲ ಹಾಳುಮಾಡುತ್ತದೆ. ಮೊದಲು ಕೇಬಲ್ ಬದಲಿಸಿ, ಆಗಲೂ ಹಾಗೇ ಇದ್ದರೆ ಡ್ರೈವನ್ನು ಅಂಗಡಿಗೆ ಹಿಂತಿರುಗಿಸಿ.

ಇವೆಲ್ಲ ದಾಟಿದ ಮೇಲೆಯೇ ಬೆಲೆಬಾಳುವ ಫ್ಲಾಪಿ ಒಳಗೆ ಹೋಗಲಿ. ಅದಕ್ಕೂ ಮುಂಚೆ ಮೂಲೆಯ ಪ್ಲಾಸ್ಟಿಕ್ ಚೌಕವನ್ನು ಸರಿಸಿ ತೂತು ತೆರೆದಿಡಿ. 3.5 ಇಂಚಿನದರಲ್ಲಿ ಆ ತೂತಿನಿಂದ ಬೆಳಕು ಕಂಡರೆ ಬರೆಯಲಾಗದು ಎಂದರ್ಥ. ಇಡೀ ಫ್ಲಾಪಿಯ ಇಮೇಜ್ ತೆಗೆದು ಎರಡು ಕಡೆ ಇಟ್ಟುಕೊಳ್ಳಿ. ಲಿನಕ್ಸ್ ಇರುವ ಪಿಸಿಯಾದರೆ ಡಿಡಿರೆಸ್ಕ್ಯೂ ಒಳ್ಳೆಯದು, ಕೆಟ್ಟ ಸೆಕ್ಟರ್ ಸಿಕ್ಕಾಗ ನಿಲ್ಲದೆ ಮುಂದೆ ಹೋಗಿ, ಕೊನೆಗೆ ಉಳಿದವನ್ನು ಮತ್ತೆ ಮತ್ತೆ ಓದಿ ನೋಡುತ್ತದೆ. ಐದಾರು ಫ್ಲಾಪಿಗೊಮ್ಮೆ ಹೆಡ್ಡಿಗೆ ಇಯರ್‌ಬಡ್ ತಾಗಿಸಿ ನೋಡಿ, ಕಂದು ಬಂದರೆ ಅಲ್ಲಿಗೇ ನಿಲ್ಲಿಸಿ ಒರೆಸಿ, ಆಮೇಲೆ ಮುಂದಿನದನ್ನು ಹಾಕಿ.